ಎಂಟೋ ಒಂಬತ್ತೋ

ಕ್ರಾಬ್‌ಟ್ರೀ ಗಿರಣಿಯ ಸಿಳ್ಳು ಹೊತ್ತಲ್ಲದ ಹೊತ್ತಿನಲ್ಲಿ ಕೂಗಿಕೊಂಡಾಗ ಎಡ್ವಿನ್ ಸಗ್ಡನ್ ಅಡುಗೆಮನೆಯ ಮೇಜಿನ ಮುಂದೆ ಕೂತು ಹುಡುಗರ ಲೆಕ್ಕದ ಪುಸ್ತಕ ತಿದ್ದುತ್ತಿದ್ದ. ಶನಿವಾರ ಮಧ್ಯಾಹ್ನದ ಮೇಲೆ ಗಿರಣಿ ಕೂಗುವ ಪದ್ಧತಿಯಿಲ್ಲ. ಅದರ ಬೆನ್ನಿಗೇ ಹೊಳೆಯಾಚೆಯ ಬಣ್ಣದ ಕಾರ್ಖಾನೆ ಕೂಗಿತು, ಸ್ಟೇಷನ್ನಿನಲ್ಲಿ ನಿಂತಿದ್ದ ಎಂಜಿನ್ ಕೂಗಿತು, ಯಾವುದಕ್ಕೂ ತಾನಾಗಿ ಮುಂದೆ ಬೀಳದ ಇಗರ್ಜಿಯ ಗಂಟೆ ಕೂಡ ಕೊನೆಗೆ ಬಾರಿಸಿತು. ಜರ್ಮನರು ಸಂಧಿಗೆ ಸಹಿ ಹಾಕಿಬಿಟ್ಟರು ಎಂದುಕೊಂಡ. ಅವನಿಗೆ ಮೊದಲು ಆದದ್ದು ಸಂತೋಷ. ಶುದ್ಧವಾದ, ಹೊಟ್ಟೆಯ ಒಳಗಿನಿಂದ ಬಂದ ಸಂತೋಷ. ಯಾಕೆ ಸಂತೋಷವಾಯಿತು ಎಂದು ಗೊತ್ತಾಗಲು ಇನ್ನೊಂದು ಕ್ಷಣ ಬೇಕಾಯಿತು. ಗೊತ್ತಾದ ಮೇಲೆ ತನ್ನ ಮೇಲೆಯೇ ಹೇಸಿಗೆಯಾಯಿತು. ಯುದ್ಧ ಮುಗಿದದ್ದು ಇವತ್ತು ಎಂದಾದರೆ ಮಾರ್ಚ್ ತಿಂಗಳಲ್ಲಿ ಜ್ವರ ಬಂದು ಸತ್ತ ಅವನ ಮಗ ಯುದ್ಧದಲ್ಲಿ ಸತ್ತಂತಾಗುತ್ತಿತ್ತು.

ಥಾರ್ನ್‌ಬೆಕ್ ಊರಿನ ಯುದ್ಧಸ್ಮಾರಕದ ಕಲ್ಲು ಏಪ್ರಿಲ್‌ನಿಂದ ಕಲ್ಲುಕುಟಿಗ ಜೋಬ್ ಲಮ್‌ನ ಅಂಗಳದಲ್ಲಿ ಅಂಗಾತ ಮಲಗಿತ್ತು. ತಲೆಬರಹ ಕೆತ್ತಿ ಆಗಿತ್ತು. ಇಸವಿಯೂ ಬಹುಪಾಲು ಆಗಿತ್ತು: 1914–191. ಅಲ್ಲಿಗೆ ಉಳಿ ನಿಂತಿತ್ತು. ಆ ಎರಡು ಇಸವಿಗಳ ನಡುವೆ ಸತ್ತವರ ಹೆಸರು ಮಾತ್ರ ಎಂದು ಸಮಿತಿ ಮೊದಲ ದಿನವೇ ನಿಯಮ ಮಾಡಿಕೊಂಡಿತ್ತು, ಆದರೆ ಎರಡನೆಯ ಇಸವಿ ಯಾವುದು ಎಂದು ಕೇಳುವ ಬುದ್ಧಿ ಆವತ್ತು ಯಾರಿಗೂ ಬಂದಿರಲಿಲ್ಲ. ಗುಂಡು ನಿಂತದ್ದು ಹದಿನೆಂಟರ ನವೆಂಬರಿನಲ್ಲಿ. ಗುಂಡು ನಿಂತ ಮಾತ್ರಕ್ಕೆ ಯುದ್ಧ ನಿಂತ ಹಾಗಲ್ಲ, ಸಂಧಿಯ ಕಾಗದಕ್ಕೆ ಸಹಿ ಬೀಳಬೇಕು ಎನ್ನುವವರಿಗೆ ಹತ್ತೊಂಬತ್ತು. ಮೂರು ಸಭೆಗಳಲ್ಲಿ ಜನ ಟೀ ಕುಡಿದು, ಗಂಟಲು ಸರಿಮಾಡಿಕೊಂಡು, ಈ ಒಂದು ಅಂಕಿಯನ್ನು ಚರ್ಚಿಸಿದ್ದರು. ಎಂಟಾದರೂ ಒಂಬತ್ತಾದರೂ ಊರಿನ ನೂರ ಹನ್ನೆರಡು ಹೆಸರುಗಳಿಗೆ ಏನೂ ವ್ಯತ್ಯಾಸವಿಲ್ಲ. ವ್ಯತ್ಯಾಸವಾಗುವುದು ಕ್ಲಿಫರ್ಡ್ ಸಗ್ಡನ್ ಎಂಬ ಒಂದೇ ಹೆಸರಿಗೆ. ಅದು ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಎಲ್ಲರೂ ಆ ಹೆಸರೆತ್ತದೆ ಮಾತಾಡುತ್ತಿದ್ದರು, ಎಡ್ವಿನ್ ಅದೇ ಮೇಜಿನ ತುದಿಯಲ್ಲಿ ಸಮಿತಿಯ ಕಾರ್ಯದರ್ಶಿಯಾಗಿ ಕೂತು ಅವರ ಮಾತನ್ನೆಲ್ಲ ದುಂಡಗೆ ಬರೆದುಕೊಳ್ಳುತ್ತಿದ್ದ.

ಮಹಡಿಯಿಂದ ಹೆಂಡತಿ ಹೆಸ್ಟರ್ ಇಳಿದು ಬಂದಳು. ಸಿಳ್ಳು ಕೇಳಿಸಿತಾ ಎಂದು ಕೇಳಲಿಲ್ಲ. ಮಾರ್ಚ್‌ನಿಂದ ಈಚೆಗೆ ಅವಳು ಅನವಶ್ಯಕವಾದ ಮಾತನ್ನೇ ಆಡುವುದಿಲ್ಲ. ಅವನ ಕೋಟಿನ ಕಾಲರಿನ ಮೇಲೆ ಬಿದ್ದಿದ್ದ ಸೀಮೆಸುಣ್ಣದ ಪುಡಿಯನ್ನು ಬೆರಳಿನಿಂದ ತಟ್ಟಿದಳು.

"ಇವತ್ತು ತೀರ್ಮಾನ ಮಾಡ್ತಾರಲ್ವಾ?"

"ಮಾಡಲೇಬೇಕು. ಲಮ್ ಇನ್ನು ಕಾಯಲ್ಲ ಅಂದಿದಾನೆ."

"ಹೆಸರನ್ನ ಕಲ್ಲಿನ ಬದೀಲಿ ಹಾಕ್ತೀವಿ, ಹಿಂದ್ಗಡೆ ಹಾಕ್ತೀವಿ ಅಂದ್ರೆ ಒಪ್ಕೊಂಡು ಬರ್ಬೇಡಿ. ಮುಂದ್ಗಡೆ. ಸ್ಟಾಟ್ ಹುಡುಗನಿಗೂ ಸಟ್‌ಕ್ಲಿಫ್ ಹುಡುಗನಿಗೂ ಮಧ್ಯ. ಸ್ಕೂಲಲ್ಲಿ ಹಾಜರಿ ಕರೀವಾಗ ಹಾಗೇ ತಾನೆ ಬರ್ತಿತ್ತು." ಆಮೇಲೆ, ಬಾಗಿಲ ಹತ್ತಿರ ಹೋಗಿ, ಅವನ ಕಡೆ ನೋಡದೆ ಹೇಳಿದಳು: "ಇದೊಂದು ಮಾಡಿ. ಇನ್ನೇನೂ ಕೇಳಲ್ಲ ನಿಮ್ಮನ್ನ."

ಇನ್ನೇನೂ ಕೇಳಲ್ಲ ಎನ್ನುವುದರೊಳಗೆ ಏನಿದೆ ಎಂದು ಅವನಿಗೆ ಗೊತ್ತಿತ್ತು. ಕ್ಲಿಫರ್ಡ್‌ನ ಪಡೆಯ ಹುಡುಗರೆಲ್ಲ ಜನವರಿಯಲ್ಲೇ ಮನೆಗೆ ಬಂದಿದ್ದರು. ಸ್ಟೇಷನ್ನಿನಲ್ಲಿ ಅವರ ಅಮ್ಮಂದಿರು ಅಳುತ್ತ ನಗುತ್ತ ನಿಂತದ್ದನ್ನು ಹೆಸ್ಟರ್ ನೋಡಿ ಬಂದಿದ್ದಳು. ಕ್ಲಿಫರ್ಡ್ ಬರಲಿಲ್ಲ, ಯಾಕೆಂದರೆ ಅವನಿಗೆ ಜರ್ಮನ್ ಬರುತ್ತಿತ್ತು. ಜರ್ಮನ್ ಬಲ್ಲವರನ್ನು ದುಭಾಷಿಗಳಾಗಿ ಸೈನ್ಯ ಬೀಡುಬಿಟ್ಟಿದ್ದ ಜರ್ಮನರ ಕಲೋನ್ ಪಟ್ಟಣದಲ್ಲೇ ಉಳಿಸಿಕೊಂಡರು. ಜರ್ಮನ್ ಕಲಿಸಿದ್ದು ಅಪ್ಪ. ಇದೇ ಅಡುಗೆಮನೆಯಲ್ಲಿ, ಇದೇ ಮೇಜಿನ ಮೇಲೆ, ಹುಡುಗ ಹೊರಗೆ ಚೆಂಡಾಟಕ್ಕೆ ಓಡಬೇಕೆಂದು ಚಡಪಡಿಸುತ್ತಿರುವಾಗ ಕ್ರಿಯಾಪದ ವಾಕ್ಯದ ಕೊನೆಗೆ ಬರಬೇಕು ಕಣೋ ಎಂದು ಬೆರಳಿನ ಗೆಣ್ಣಿಗೆ ಅಡಿಕೋಲಿನಿಂದ ಬಿಗಿದು ಕಲಿಸಿದ್ದ. ಆ ಏಟಿನ ಫಲವಾಗಿ ಮಗ ಚೆನ್ನಾಗಿ ಕಲಿತ. ಚೆನ್ನಾಗಿ ಕಲಿತದ್ದರಿಂದ ಸತ್ತ. ಹೆಸ್ಟರ್ ಇದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ.

ಆರು ಗಂಟೆಗೆ ಸಭೆ. ಐದಕ್ಕೇ ಹೊರಟ. ಬೀದಿಗೆ ಆಗಲೇ ಹುಚ್ಚು ಹಿಡಿದಿತ್ತು. ಕಿಟಕಿಗಳಿಂದ ಬಾವುಟಗಳನ್ನು ಇಳಿಬಿಡುತ್ತಿದ್ದರು, ನವೆಂಬರಿನಲ್ಲಿ ಮಳೆಗೆ ನೆನೆದು ಬಣ್ಣ ಕಲಸಿಹೋಗಿದ್ದ ಅವೇ ಬಾವುಟಗಳು. ಹೆಂಡದಂಗಡಿಯ ಮುಂದೆ ನಾಲ್ಕು ಜನ ಹಳೇ ಕೋಟಿಗೆ ಹುಲ್ಲು ತುಂಬಿ ಜರ್ಮನ್ ಚಕ್ರವರ್ತಿ ಕೈಸರನ ಬೊಂಬೆ ಮಾಡುತ್ತಿದ್ದರು, ಮೀಸೆಗೆ ಏನು ಅಂಟಿಸಬೇಕೆಂದು ಜಗಳವಾಡುತ್ತಿದ್ದರು. ಒಬ್ಬ ಮುದುಕಿ ಅವನನ್ನು ತಡೆದು ನಿಲ್ಲಿಸಿ, ಸಹಿ ಹಾಕುವಾಗ ಅವರ ಕೈ ನಡುಗಿತಂತೆ ಹೌದಾ ಮೇಷ್ಟ್ರೇ ಎಂದು ಕೇಳಿದಳು. ಗೊತ್ತಿಲ್ಲ ಎಂದ. ನಡುಗಿರಬೇಕು, ನಡುಗದೆ ಏನು ಎಂದು ಅವಳೇ ಸಮಾಧಾನ ಮಾಡಿಕೊಂಡು ಹೋದಳು. ಎಂಥ ಜನ ಎಂದು ಎಡ್ವಿನ್ ಮನಸ್ಸಿನಲ್ಲಿ ಉಗಿದ. ಸಂಧಿಯ ಕರಡು ಮೇ ತಿಂಗಳಲ್ಲಿ ಪತ್ರಿಕೆಯಲ್ಲಿ ಬಂದಾಗ ಇವರಲ್ಲಿ ಒಬ್ಬರಾದರೂ ಓದಿದರೇ? ಇಷ್ಟೇನಾ ಎಂದು ಕೇಳಿದರು ಅಷ್ಟೆ. ಇನ್ನೂ ಹಿಂಡಬೇಕಿತ್ತು ಎಂದರು. ಊರಿನಲ್ಲಿ ಅದನ್ನು ಪೂರ್ತಿ ಓದಿದವನು ತಾನೊಬ್ಬನೇ ಎಂಬ ಹೆಮ್ಮೆ ಅವನಿಗಿತ್ತು, ಓದಿ ಏನೂ ಮಾಡದವನೂ ತಾನೊಬ್ಬನೇ ಎಂಬುದನ್ನು ಆ ಹೆಮ್ಮೆ ಮುಚ್ಚುತ್ತಿತ್ತು.

ಹಾಫ್ನರನ ಅಂಗಡಿಯ ಮುಂದೆ ಹಾದು ಹೋಗಬೇಕಿತ್ತು. ಈಗ ಅಲ್ಲಿ ಚಪ್ಪಲಿ ರಿಪೇರಿಯವನಿದ್ದಾನೆ. ಹಾಫ್ನರ್ ಇಪ್ಪತ್ತೆರಡು ವರ್ಷ ಈ ಊರಿಗೆ ಹಂದಿಮಾಂಸ ಮಾರಿದವನು, ಶನಿವಾರ ಸಂಜೆ ಎಡ್ವಿನ್ ಕಟ್ಟೆಗೆ ಒರಗಿ ನಿಂತು ಅವನ ಜೊತೆ ಜರ್ಮನ್ ಮಾತಾಡಿ ನಾಲಗೆ ಸಡಿಲ ಮಾಡಿಕೊಳ್ಳುತ್ತಿದ್ದ. ಹದಿನೈದರ ಮೇ ತಿಂಗಳಲ್ಲಿ ಜರ್ಮನರ ಮೇಲಿನ ಸಿಟ್ಟಿಗೆ ಜನ ಅವನ ಅಂಗಡಿಯ ಗಾಜು ಒಡೆದ ದಿನ ಎಡ್ವಿನ್ ಗುಂಪಿನ ಹಿಂದೆ ನಿಂತಿದ್ದ. ತಡೆಯಲು ಹೋದದ್ದು ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ಯಾರೋ ಒಳಗಿನಿಂದ ಸಾಸೇಜಿನ ಸರಗಳನ್ನು ಎಸೆಯುತ್ತಿದ್ದರು, ಒಂದು ಸರ ಅವನ ತೋಳಿನ ಮೇಲೆ ಬಿತ್ತು. ಬಿಸಾಡಬಹುದಿತ್ತು. ಮಹಡಿಯ ಕಿಟಕಿಯಿಂದ ಹಾಫ್ನರ್ ನೋಡುತ್ತಿದ್ದ. ಬಿಸಾಡಿದರೆ ಅಕ್ಕಪಕ್ಕದವರು ನೋಡುತ್ತಾರೆ, ಇಟ್ಟುಕೊಂಡರೆ ಹಾಫ್ನರ್ ನೋಡುತ್ತಾನೆ. ಕೋಟಿನೊಳಗೆ ತುರುಕಿಕೊಂಡು ಮನೆಗೆ ಬಂದ. ಹೆಸ್ಟರ್ ಒಂದು ಮಾತೂ ಕೇಳದೆ ಬಾಣಲೆಗೆ ಹಾಕಿದಳು, ಮೂವರೂ ತಿಂದರು, ಹದಿನಾರು ವರ್ಷದ ಕ್ಲಿಫರ್ಡ್ ಇನ್ನೊಂದು ಹಾಕಿಸಿಕೊಂಡ. ಮಾರನೆಯ ವಾರ ಹೆಡ್‌ಮಾಸ್ತರರು ಕೇಳುವ ಮೊದಲೇ ಎಡ್ವಿನ್ ತಾನಾಗಿ ಹೋಗಿ, ಜರ್ಮನ್ ಪಾಠ ನಿಲ್ಲಿಸಿಬಿಡುತ್ತೇನೆ, ಲೆಕ್ಕ ಕಲಿಸುತ್ತೇನೆ ಎಂದು ಹೇಳಿದ್ದ. ಅವರು ಎದ್ದು ಕೈಕುಲುಕಿದ್ದರು.

ನಡೆಯುತ್ತ ನಡೆಯುತ್ತ ಕ್ಲಿಫರ್ಡ್‌ನ ಕಾಗದ ನೆನಪಾಯಿತು, ನೆನಪಾಗದ ದಿನವಿಲ್ಲ. ಫೆಬ್ರವರಿಯಲ್ಲಿ ಬರೆದದ್ದು. ಇಲ್ಲಿ ಯುದ್ಧ ಯಾರ ಮೇಲೆ ನಡೆಯುತ್ತಿದೆ ಎಂದು ತಿಳಿಯುತ್ತಿಲ್ಲ ಅಪ್ಪ, ಸೈನಿಕರೆಲ್ಲ ಮನೆ ಸೇರಿದ್ದಾರೆ, ಸಹಿ ಹಾಕುವ ತನಕ ಕಾಳು ಬಿಡುವುದಿಲ್ಲ ಎಂದು ನಮ್ಮ ಹಡಗುಗಳು ಸಮುದ್ರದಲ್ಲಿ ಅಡ್ಡ ನಿಂತಿವೆ, ನಮ್ಮ ಅಡುಗೆಮನೆಯ ಕಸದ ಡಬ್ಬಿಯ ಸುತ್ತ ಮಕ್ಕಳು ನಿಲ್ಲುತ್ತವೆ, ಕೊಡಬಾರದೆಂದು ಆಜ್ಞೆ ಇದೆ, ನಾನು ಕೊಡುತ್ತೇನೆ ಎಂದು ಬರೆದಿದ್ದ. ತಾಯಂದಿರ ಎದೆಯಲ್ಲಿ ಹಾಲಿಲ್ಲ. ಸೀಸೆಯಲ್ಲಿ ಕುಡಿಸೋಣ ಎಂದರೆ ಸೀಸೆಯ ಬಾಯಿಗೆ ಹಾಕುವ ರಬ್ಬರಿನ ನಿಪ್ಪಲ್ ಇಡೀ ಪಟ್ಟಣದಲ್ಲಿ ಸಿಗುವುದಿಲ್ಲ. ನಮ್ಮೂರಿನಲ್ಲಿ ಡೈಸನ್ ಅಮ್ಮ ಪ್ರಾರ್ಥನಾಮಂದಿರದ ಬಾಗಿಲಲ್ಲಿ ಡಬ್ಬಿ ಇಟ್ಟು ನಿಪ್ಪಲ್ ಕೂಡಿಸುತ್ತಿದ್ದಾರಂತೆ, ನೀವೂ ಒಂದಷ್ಟು ಹಾಕಿ. ಮಗ ಕೇಳಿದ್ದು ಇಷ್ಟೇ. ಎಡ್ವಿನ್ ಪಕ್ಕದ ಊರಿನ ಔಷಧದಂಗಡಿಗೆ ಹೋಗಿ ಒಂದು ಡಜನ್ ಕೊಂಡ. ಈ ವಯಸ್ಸಿನಲ್ಲಿ ಶುಭಸಮಾಚಾರವೋ ಎಂದು ಅಂಗಡಿಯವನು ನಕ್ಕ. ಭಾನುವಾರ ಅವನ್ನು ಜೇಬಿನಲ್ಲಿಟ್ಟುಕೊಂಡು ಡಬ್ಬಿಯ ತನಕ ಹೋದ. ಅಲ್ಲಿ ಕಟುಕ ಟಾರ್ಡಾಫ್ ನಿಂತು, ಹಾಲು ಕುಡಿಸಿ ಬೆಳೆಸಿ ಮರಿ ಕೈಸರುಗಳನ್ನ, ಇನ್ನಿಪ್ಪತ್ತು ವರ್ಷಕ್ಕೆ ಬರ್ತಾರೆ ಋಣ ತೀರ್ಸೋಕೆ ಎಂದು ಹೇಳುತ್ತಿದ್ದ, ಸುತ್ತಲಿದ್ದವರು ನಗುತ್ತಿದ್ದರು. ಎಡ್ವಿನ್ ಟೋಪಿ ಎತ್ತಿ ನಮಸ್ಕರಿಸಿ ಮುಂದೆ ನಡೆದ. ಕಾಲುವೆಯ ಸೇತುವೆಯ ಮೇಲೆ ನಿಂತು ಪೊಟ್ಟಣವನ್ನು ನೀರಿಗೆ ಹಾಕಿದ. ರಬ್ಬರು ಮುಳುಗಲಿಲ್ಲ, ಕಾಗದ ಬಿಚ್ಚಿಕೊಂಡು ಒಂದೊಂದೇ ತೇಲುತ್ತ ಹೋದವು, ಅವು ಕಣ್ಣಿಗೆ ಮರೆಯಾಗುವ ತನಕ ಯಾರಾದರೂ ಬಂದಾರೆಂದು ಅವನು ಬೆವರಿದ. ಹನ್ನೊಂದು ದಿನಕ್ಕೆ ತಂತಿ ಬಂತು.

ಸಭೆ ಸೇರಿದ್ದು ವಾಚನಾಲಯದ ಮಹಡಿಯಲ್ಲಿ. ಕಿಟಕಿ ತೆರೆದಿತ್ತು, ಕೆಳಗಿನ ಗದ್ದಲವೆಲ್ಲ ಒಳಗೇ ಬರುತ್ತಿತ್ತು. ಅಧ್ಯಕ್ಷರ ಕುರ್ಚಿಯಲ್ಲಿ ಗಿರಣಿಯ ಯಜಮಾನ ಕ್ರಾಬ್‌ಟ್ರೀ. ನಾಲ್ಕು ವರ್ಷ ಸೈನ್ಯಕ್ಕೆ ಖಾಕಿ ನೇಯ್ದು ಅವನ ಕತ್ತು ಕಾಲರಿನಿಂದ ಹೊರಗೆ ಬಂದಿತ್ತು. ಅವನ ಬಲಕ್ಕೆ ಪಾದ್ರಿ ಪಿಮ್, ಎಡಕ್ಕೆ ಟಾರ್ಡಾಫ್, ಗೋಡೆಯ ಬದಿಗೆ ಇಬ್ಬರು ಅಂಗಡಿಯವರು, ಬಾಗಿಲ ಹತ್ತಿರ ಕಲ್ಲುಕುಟಿಗ ಲಮ್, ಇವರೆಲ್ಲರಿಂದ ಒಂದು ಕುರ್ಚಿಯಷ್ಟು ದೂರದಲ್ಲಿ ಕಪ್ಪು ಕೈಚೀಲ ಮಡಿಲಲ್ಲಿಟ್ಟುಕೊಂಡ ಡೈಸನ್ ಅಮ್ಮ. ಅವಳ ಇಬ್ಬರು ಮಕ್ಕಳೂ ಹದಿನಾರರ ಜುಲೈಯಲ್ಲಿ ಒಂದೇ ಬೆಳಗ್ಗೆ ಸತ್ತಿದ್ದರು. ಅದಕ್ಕಾಗಿ ಅವಳನ್ನು ಸಮಿತಿಗೆ ಸೇರಿಸಿಕೊಂಡಿದ್ದರು, ಸೇರಿಸಿಕೊಂಡದ್ದಕ್ಕೆ ಈಗ ಪರಿತಪಿಸುತ್ತಿದ್ದರು.

ಮೊದಲು ಸಂಧಿಯ ಸಂತೋಷ ನಡೆಯಿತು. ಪಾದ್ರಿ ಪಿಮ್, ಶಿಕ್ಷೆ ಕಠಿಣವಾದರೂ ಅದರಲ್ಲಿ ತಂದೆಯ ಪ್ರೀತಿಯಿದೆ ಎಂದರು. ಕ್ರಾಬ್‌ಟ್ರೀ, ಅವರ ಬಟ್ಟೆಯ ಬಣ್ಣದ ಗುಟ್ಟುಗಳೆಲ್ಲ ಇನ್ನು ನಮ್ಮ ಕೈಗೆ ಬರುತ್ತವೆ ಎಂದು ಅಂಗೈ ಉಜ್ಜಿದ. ಒಂದು ಲಕ್ಷ ನಲವತ್ತು ಸಾವಿರ ಹಾಲು ಕರೆಯುವ ಹಸು ಕೊಡಬೇಕೆಂದು ಕರಡಿನಲ್ಲಿ ಇದೆಯಂತೆ ಎಂದು ಒಬ್ಬ ಅಂಗಡಿಯವನು ಹೇಳಿದಾಗ ಟಾರ್ಡಾಫ್‌ಗೆ ಸಿಟ್ಟು ಬಂತು. ಅಷ್ಟೂ ಫ್ರೆಂಚರಿಗೆ, ಬೆಲ್ಜಿಯಮ್ಮಿನವರಿಗೆ. ನಮಗೆ ಒಂದು ಬಾಲವೂ ಇಲ್ಲ, ಗೆದ್ದವರು ನಾವಲ್ಲವೇನು ಎಂದು ಮೇಜು ಗುದ್ದಿದ. ಎಡ್ವಿನ್ ಇದನ್ನೆಲ್ಲ ಬರೆದುಕೊಳ್ಳುತ್ತ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದ. ಆ ಹಸುಗಳ ಹಾಲು ಇವತ್ತು ಯಾರು ಕುಡಿಯುತ್ತಿದ್ದಾರೆಂದು ಕೇಳುವವನು ಈ ಕೋಣೆಯಲ್ಲಿ ಒಬ್ಬನೂ ಇಲ್ಲ, ಇವರಿಗೆ ಶಾಂತಿಯೆಂದರೆ ಸಂತೆಯಲ್ಲಿ ಸಿಕ್ಕ ಅಗ್ಗದ ಮಾಲು ಎಂದುಕೊಂಡ. ಈ ತಿರಸ್ಕಾರ ಅವನಿಗೆ ಹಿತವಾಗಿತ್ತು. ಐದು ವರ್ಷದಿಂದ ಅವನು ಅದರ ಮೇಲೆಯೇ ಬದುಕಿದ್ದ, ಅದು ಇದ್ದಷ್ಟು ಹೊತ್ತು ತಾನು ಅವರಲ್ಲಿ ಒಬ್ಬನಲ್ಲ.

ಆಮೇಲೆ ಅಂಕಿಯ ವಿಷಯ ಬಂತು. ಟಾರ್ಡಾಫ್‌ಗೆ ಎಂಟೇ ಆಗಬೇಕಿತ್ತು. ಗೆದ್ದದ್ದು ನವೆಂಬರಿನಲ್ಲಿ, ಆವತ್ತೇ ತಾನು ಅಂಗಡಿಯ ಮುಂದೆ ಗೆದ್ದೆವು ಎಂದು ಬೋರ್ಡು ಹಾಕಿದ್ದೆ ಎಂದ. ಆಮೇಲೆ ಎಡ್ವಿನ್ ಕಡೆಗೆ ತಿರುಗಿ, ದನಿಯಲ್ಲಿ ದುಃಖ ತಂದುಕೊಂಡ.

"ತಪ್ಪು ತಿಳೀಬೇಡಿ ಮೇಷ್ಟ್ರೇ. ಹುಡುಗ ಒಳ್ಳೆಯೋನು. ಆದ್ರೆ ಜ್ವರ ಬಂದು ಸತ್ತೋರನ್ನೆಲ್ಲ ಕಲ್ಲಲ್ಲಿ ಕೆತ್ತೋಕೆ ಹೋದ್ರೆ ನಮ್ಮತ್ತೇನೂ ಕೆತ್ತಬೇಕಾಗತ್ತೆ. ಅವರೂ ಅದೇ ಜ್ವರದಲ್ಲೇ ಹೋಗಿದ್ದು."

ಯಾರೂ ನಗಲಿಲ್ಲ, ಆದರೆ ಯಾರೂ ತಲೆ ತಗ್ಗಿಸಲೂ ಇಲ್ಲ. ಎಡ್ವಿನ್‌ನ ಲೇಖನಿ, ಅಭ್ಯಾಸಬಲದಿಂದ, ಅದನ್ನೂ ಬರೆಯಿತು. ಆಗ ಡೈಸನ್ ಅಮ್ಮ ಮಾತಾಡಿದಳು. ಕೂತಲ್ಲಿಂದಲೇ, ಮಡಿಲಿನ ಚೀಲವನ್ನು ನೋಡುತ್ತ.

"ನನ್ನ ಮಕ್ಳು ಯಾವ ಯುದ್ಧದಲ್ಲಿ ಸತ್ರೋ ಅದು ನವೆಂಬರಲ್ಲಿ ಮುಗೀತು. ಆಮೇಲೆ ನಾವು ಮಾಡಿದ್ದಕ್ಕೆ ಬೇರೆ ಹೆಸರಿದೆ. ಕೂಸುಗಳ ಅನ್ನ ಹಿಡ್ಕೊಂಡು ಅಪ್ಪನ ಕೈಲಿ ಸಹಿ ಹಾಕ್ಸಿದೀವಿ. ಒಂಬತ್ತು ಅಂತ ಕೆತ್ತಿದ್ರೆ, ಅದೂ ನನ್ನ ಮಕ್ಳ ಲೆಕ್ಕಕ್ಕೇ ಬರತ್ತೆ. ಅವರು ಅದಕ್ಕೆ ಸಾಯಲಿಲ್ಲ." ಎಡ್ವಿನ್‌ನತ್ತ ನೋಡಿದಳು. "ಕ್ಲಿಫರ್ಡ್‌ನ ಬಿಡಿ ಅಂತ ಅಲ್ಲ ನಾನು ಹೇಳೋದು. ನಿಯಮ ತೆಗೀರಿ. ಅವನ ಹೆಸರಿನ ಪಕ್ಕ ಅವನ ಇಸವಿ ಬರೀರಿ. ಬದಿಯಲ್ಲಾದ್ರೂ ಸರಿ. ಅವನಿಗೆ ಅದು ಬೇಜಾರಾಗ್ತಿರಲಿಲ್ಲ."

ಅವಳು ಹೇಳಿದ್ದೆಲ್ಲ ನಿಜ ಎಂದು ಎಡ್ವಿನ್‌ಗೆ ಗೊತ್ತಿತ್ತು. ಅವನು ಇಷ್ಟು ದಿನ ಒಬ್ಬನೇ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮಾತುಗಳನ್ನೇ ಈ ಹೆಂಗಸು, ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು, ನಾಲ್ಕು ವಾಕ್ಯದಲ್ಲಿ ಹೇಳಿಬಿಟ್ಟಿದ್ದಳು. ಹೌದು ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಬದಿಯಲ್ಲಿ ಹೆಸರು ಬರುತ್ತಿತ್ತು. ಬದಿ ಎಂದೊಡನೆ ಹೆಸ್ಟರ್ ಬಾಗಿಲ ಹತ್ತಿರ ಬೆನ್ನು ಮಾಡಿ ನಿಂತದ್ದು ಕಣ್ಣಿಗೆ ಬಂತು. ಅದರ ಜೊತೆಗೆ ಇನ್ನೊಂದೂ ಬಂತು: ಕಾಲುವೆಯ ನೀರಿನ ಮೇಲೆ ತೇಲಿಕೊಂಡು ಹೋದ ಹನ್ನೆರಡು ರಬ್ಬರಿನ ತುಂಡುಗಳು. ಈ ಹೆಂಗಸು ನಗುವವರ ಎದುರಿಗೆ ತಿಂಗಳುಗಟ್ಟಲೆ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಅವಳ ಮೇಲೆ ಅವನಿಗೆ ಎಂಥ ದ್ವೇಷ ಉಕ್ಕಿತೆಂದರೆ ಅವನು ಎದ್ದು ನಿಂತದ್ದು ಅವನಿಗೇ ತಿಳಿಯಲಿಲ್ಲ.

ಮೇಷ್ಟರ ದನಿಯಲ್ಲೇ ಶುರುಮಾಡಿದ. ಗುಂಡು ನಿಲ್ಲಿಸುವುದು ಬೇರೆ, ಯುದ್ಧ ಮುಗಿಸುವುದು ಬೇರೆ. ನವೆಂಬರಿನ ಕರಾರು ಬರೀ ವಿರಾಮ, ಅದನ್ನು ತಿಂಗಳು ತಿಂಗಳು ಮುಂದುವರಿಸಿದ್ದು ಯಾಕೆ ಎಂದು ಕೇಳಿದ. ಅಲ್ಲಿಯ ತನಕ ಅದು ಪಾಠ. ಆಮೇಲೆ ದನಿ ತಾನಾಗಿ ಏರಿತು. ಹಸಿವೂ ನಮ್ಮ ಸೈನ್ಯವೇ, ಹಡಗು ಅಡ್ಡ ನಿಲ್ಲಿಸುವುದೂ ಯುದ್ಧವೇ, ಅದೇ ಗೆದ್ದದ್ದು ಎಂದ. ಅವರು ಬಗ್ಗುವ ಜನವಲ್ಲ, ಅವರ ಭಾಷೆ ನನಗೆ ಗೊತ್ತು, ಅವರ ಭಾಷೆಯಲ್ಲಿ ಕ್ರಿಯಾಪದ ಕೊನೆಯ ತನಕ ಕಾಯಿಸುತ್ತದೆ, ಆ ಜನವೂ ಹಾಗೆಯೇ, ಕತ್ತು ಹಿಡಿದು ಬಗ್ಗಿಸುವ ತನಕ ಬಾಯಿಬಿಡುವುದಿಲ್ಲ ಎಂದ. ಟಾರ್ಡಾಫ್ ಬಾಯಿ ತೆರೆದು ಕೇಳುತ್ತಿದ್ದ. ಕ್ರಾಬ್‌ಟ್ರೀ ಮುಂದಕ್ಕೆ ಬಗ್ಗಿದ್ದ. ಅವರ ಕಣ್ಣುಗಳಲ್ಲಿ ಎಡ್ವಿನ್ ಎಂದೂ ಕಾಣದ ಒಂದು ಗೌರವವಿತ್ತು, ಅದು ಅವನ ನೆತ್ತಿಗೇರಿತು.

"ನವೆಂಬರಲ್ಲೇ ಯುದ್ಧ ಮುಗಿದಿದ್ರೆ ಇವತ್ತು ಅವರ ಕೈಲಿ ಸಹಿ ಹಾಕ್ಸಿದ್ದು ಏನು?" ಎಂದು ಕೇಳಿ, ತರಗತಿಯಲ್ಲಿ ನಿಲ್ಲಿಸುವ ಹಾಗೆ ಒಂದು ಗಳಿಗೆ ನಿಲ್ಲಿಸಿದ. "ಡೈಸನ್ ಅಮ್ಮಾವ್ರ ಡಬ್ಬೀಲಿರೋ ನಿಪ್ಪಲ್ಲುಗಳಾ?"

ನಗು ಒಮ್ಮೆಲೇ ಬಂತು. ಪಾದ್ರಿ ಪಿಮ್ ಕೂಡ ಕರವಸ್ತ್ರ ಬಾಯಿಗೆ ಒತ್ತಿಕೊಂಡರು. ಮತಕ್ಕೆ ಹಾಕಿದರು. ಎಂಟು ಎಂದಿದ್ದ ಟಾರ್ಡಾಫ್ ಒಂಬತ್ತಕ್ಕೆ ಮೊದಲು ಕೈ ಎತ್ತಿದ. ಕ್ರಾಬ್‌ಟ್ರೀ, ಪಾದ್ರಿ, ಇಬ್ಬರು ಅಂಗಡಿಯವರು, ಎಡ್ವಿನ್. ವಿರುದ್ಧ ಒಂದೇ ಕೈ. ಲಮ್, ಒಂಬತ್ತೇ ತಾನೆ, ಆಮೇಲೆ ಬದಲಾಯಿಸಿ ಅಂದ್ರೆ ಆಗಲ್ಲ ಎಂದು ಗೊಣಗಿ ಟೋಪಿ ಹಾಕಿಕೊಂಡ. ಎಂಥ ಮಾತಾಡಿದ್ರಿ ಮೇಷ್ಟ್ರೇ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಎಂದು ಟಾರ್ಡಾಫ್ ಅವನ ಬೆನ್ನು ತಟ್ಟಿದ. ಮುಂದಿನ ತಿಂಗಳ ಶಾಂತಿಯ ಹಬ್ಬದ ದಿನ ಇದನ್ನೇ ವೇದಿಕೆಯ ಮೇಲೆ ಆಡಬೇಕೆಂದು ಕ್ರಾಬ್‌ಟ್ರೀ ಹೇಳಿದ, ಎಡ್ವಿನ್ ಆಗಲಿ ಎಂದ.

ಎಲ್ಲರೂ ಇಳಿದು ಹೋದ ಮೇಲೂ ಡೈಸನ್ ಅಮ್ಮ ಕೈಗವಸು ಹಾಕಿಕೊಳ್ಳುತ್ತ ನಿಂತಿದ್ದಳು. ಎಡ್ವಿನ್ ಕಾಗದಗಳನ್ನು ಜೋಡಿಸುವ ನೆಪದಲ್ಲಿ ತಲೆ ತಗ್ಗಿಸಿಕೊಂಡ. ಅವಳು ಬೈದಿದ್ದರೆ ಅವನಿಗೆ ಉಸಿರು ಬರುತ್ತಿತ್ತು.

"ಕ್ಲಿಫರ್ಡ್ ನಂಗೂ ಒಂದು ಕಾಗದ ಬರ್ದಿದ್ದ, ಮೇಷ್ಟ್ರೇ," ಎಂದಳು. "ನಮ್ಮಪ್ಪ ಡಬ್ಬಿಗೆ ತಂದು ಹಾಕ್ತಾರೆ, ಅವರಿಗೆ ಸಂಕೋಚ ಜಾಸ್ತಿ, ನೀವೇ ಮಾತಾಡ್ಸಿ ಇಸ್ಕೊಳ್ಳಿ ಅಂತ. ಚೀಲದಲ್ಲೇ ಇತ್ತು ಇವತ್ತು."

"ಓದಬಹುದಿತ್ತಲ್ಲ," ಎಂದ ಎಡ್ವಿನ್.

"ಓದಿದ್ರೆ ನೀವು ಸೋಲ್ತಿದ್ರಿ. ಆಮೇಲೆ ಕ್ಲಿಫರ್ಡ್‌ನ ಬದೀಲೂ ಹಾಕ್ತಿರಲಿಲ್ಲ ಅವರು, ಜರ್ಮನರ ಕಡೆಯೋನು ಅಂತ." ಚೀಲದ ಬಾಯಿ ಮುಚ್ಚಿದಳು. "ಹೆಸ್ಟರ್‌ಗೆ ಹೇಳಿ, ನಾನು ವಿಚಾರಿಸ್ದೆ ಅಂತ." ಮೆಟ್ಟಿಲಿಳಿಯುವಾಗ ಅವಳಿಗೆ ಮಂಡಿ ನೋವು, ಒಂದೊಂದು ಮೆಟ್ಟಿಲಿಗೂ ನಿಂತು ಇಳಿದಳು. ಅವಳು ಬೀದಿ ಸೇರಿದ್ದು ಕೇಳಿಸುವ ತನಕ ಅವನು ಕೋಣೆ ಬಿಟ್ಟು ಹೊರಡಲಿಲ್ಲ.

ಮನೆ ಸೇರಿದಾಗ ಇನ್ನೂ ಬೆಳಕಿತ್ತು. ಹೆಸ್ಟರ್ ಹಿತ್ತಲ ಬಾಗಿಲಲ್ಲಿ ಬಟಾಣಿ ಸುಲಿಯುತ್ತ ಕೂತಿದ್ದಳು. ಅವನ ಮುಖ ನೋಡಿ ಕೈ ನಿಲ್ಲಿಸಿದಳು.

"ಒಂಬತ್ತು," ಎಂದ. "ಮುಂದ್ಗಡೆ. ಸ್ಟಾಟ್‌ಗೂ ಸಟ್‌ಕ್ಲಿಫ್‌ಗೂ ಮಧ್ಯ."

ಅವಳು ಅತ್ತಳು. ಮಾರ್ಚ್‌ನಲ್ಲಿ ತಂತಿ ಬಂದ ದಿನ ಅಳದವಳು, ಬಟಾಣಿಯ ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬಿಕ್ಕಿ ಬಿಕ್ಕಿ ಅತ್ತಳು. ಅವನು ಪಕ್ಕದಲ್ಲಿ ಕೂತ. ಬಹಳ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು ಅವಳು, ಏನು ಹೇಳಿ ಒಪ್ಪಿಸಿದಿರಿ ಎಂದು ಕೇಳಿದಳು. ಅವನು ಹೇಳಿದ. ಡಬ್ಬಿಯ ಮಾತನ್ನೂ ಬಿಡದೆ ಹೇಳಿದ. ಬಿಡಬಹುದಿತ್ತು, ಅವಳಾದರೂ ಉಗಿಯಲಿ ಎಂಬ ಆಸೆ ಇತ್ತು. ಅವಳು ಉಗಿಯಲಿಲ್ಲ. ಅವನನ್ನೇ ದಿಟ್ಟಿಸಿ ನೋಡಿದಳು. ಇಷ್ಟು ತಿಂಗಳಲ್ಲಿ ಅವಳು ಅವನನ್ನು ಹಾಗೆ ನೋಡಿರಲಿಲ್ಲ.

"ಪಾಪ, ನಿಮಗೆ ಎಷ್ಟು ಕಷ್ಟ ಆಗಿರ್ಬೇಕು," ಎಂದಳು. "ಅಂಥ ಮಾತೆಲ್ಲ ನಿಮ್ಮ ಬಾಯಲ್ಲಿ ಬರೋದೇ ಅಲ್ಲ. ಕಷ್ಟ ಆಯ್ತಾ?"

ಎಡ್ವಿನ್ ಯೋಚಿಸಿದ. ಆ ಕೋಣೆಯಲ್ಲಿ ನಿಂತಿದ್ದ ಆ ಹತ್ತು ನಿಮಿಷದಲ್ಲಿ ಒಂದು ಪದಕ್ಕಾದರೂ ತಡಕಾಡಿದ್ದೆನೇ, ಒಂದು ಸುಳ್ಳಿಗಾದರೂ ನಾಲಗೆ ತಡವರಿಸಿತ್ತೇ ಎಂದು ಹುಡುಕಿ ನೋಡಿದ. ಇರಲಿಲ್ಲ.

"ಇಲ್ಲ," ಎಂದ. "ಒಂದಿಷ್ಟೂ ಆಗಲಿಲ್ಲ."

"ಮಗನಿಗೋಸ್ಕರ ಅಲ್ವಾ, ಅದಕ್ಕೇ," ಎಂದು ಹೆಸ್ಟರ್ ಅವನ ಕೈ ಹಿಡಿದುಕೊಂಡಳು. ಅವನು ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.